ಹಾರ್ಡಿ ಹಾಕಿದ ಕಾರ್ಡು

"ಜಗತ್ತಿನಲ್ಲಿ ಮೂರು ಥರದ ಜನ ಇದ್ದಾರೆ. ಲೆಕ್ಕ ಬರುವವರು, ಲೆಕ್ಕ ಬಾರದವರು." ಈ ಹಳೇ ಜೋಕನ್ನು ನಿನ್ನೆ ಗೆಳೆಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಮೂರನೆಯವರು ಯಾರು?" ಅಂದ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಗಣಿತದವರಿಗೆ ತಮಾಷೆ ಬರಲ್ಲ ಅನ್ನೋದು ಸುಳ್ಳು ಬಿಡಿ. ರಾಮಾನುಜನ್ ಜೊತೆ ಕೆಲಸ ಮಾಡಿದ ಹಾರ್ಡಿಯನ್ನೇ ನೋಡಿ. ದೇವರನ್ನು ನಂಬದ ಮನುಷ್ಯ, ಆದರೆ ದೇವರ ಜೊತೆ ಜಗಳ ಮಾತ್ರ ಬಿಟ್ಟಿರಲಿಲ್ಲ. ಒಮ್ಮೆ ಡೆನ್ಮಾರ್ಕ್‌ನಿಂದ ಇಂಗ್ಲೆಂಡಿಗೆ ಹೊರಟಾಗ ಸಿಕ್ಕಿದ್ದು ಪುಟ್ಟ ಹಡಗು, ಸಮುದ್ರವೋ ರೊಚ್ಚಿಗೆದ್ದಿತ್ತು. ಹತ್ತುವ ಮುಂಚೆ ಗೆಳೆಯ ಹರಾಲ್ಡ್ ಬೋರ್‌ಗೆ ಒಂದು ಕಾರ್ಡು ಹಾಕಿದರಂತೆ, ರೀಮನ್ ಊಹೆಯನ್ನು ಸಾಧಿಸಿಬಿಟ್ಟೆ ಅಂತ. ಅವಿಭಾಜ್ಯ ಸಂಖ್ಯೆಗಳು ಹೇಗೆ ಹರಡಿಕೊಂಡಿವೆ ಅನ್ನೋದಕ್ಕೆ ಸಂಬಂಧಿಸಿದ, ಗಣಿತದವರ ತಲೆ ತಿನ್ನುವ ದೊಡ್ಡ ಒಗಟು ಅದು. ಹಡಗು ಮುಳುಗಿದರೆ ಅಷ್ಟು ದೊಡ್ಡ ಹೆಸರು ಪುಕ್ಕಟೆಯಾಗಿ ಹಾರ್ಡಿ ಪಾಲಾಗುತ್ತೆ, ಅದಕ್ಕೆ ದೇವರು ಬಿಡಲ್ಲ, ಹಾಗಾಗಿ ಹಡಗು ಮುಳುಗಲ್ಲ. ಲೆಕ್ಕ ಪಕ್ಕಾ ಅಲ್ವಾ! ದಡವನ್ನೇನೋ ಸೇರಿದರು. 1859ರ ಆ ಊಹೆ ಮಾತ್ರ ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ.

ಗೆಳೆಯನಿಗೆ ಇದನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಕಾರ್ಡು ತಲುಪಿತಾ?" ಅಂದ.