ಟೈಗರ್ ಟ್ಯಾಂಕಿಗೆ ಗುರಿ ಸಿಕ್ಕಿತು

ನನ್ನ ಆಟಿಕೆ ಟೈಗರ್ ಟ್ಯಾಂಕ್ (ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕಿನ 1:16 ಅಳತೆಯ ಮಾದರಿ, ಅಂದರೆ ಅಸಲಿಯ ಹದಿನಾರನೇ ಒಂದು ಭಾಗ) ಈಗ ಹಾಲ್‌ನ ಆ ತುದಿಯಲ್ಲಿಟ್ಟ ಬೆಂಕಿಪೊಟ್ಟಣವನ್ನು ಹೊಡೆದು ಬೀಳಿಸುತ್ತಿದೆ. ಖುಷಿ ತಡೆಯೋಕಾಗ್ತಿಲ್ಲ!

ಇದರ ಗನ್ ಹಾರಿಸೋದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು. ಮೋಟರ್ ಸ್ಪ್ರಿಂಗನ್ನು ಹಿಂದಕ್ಕೆಳೆದು ಬಿಡುತ್ತದೆ, ಪಿಸ್ಟನ್ ನುಗ್ಗಿ ಗಾಳಿ ತಳ್ಳುತ್ತದೆ. ಗುರಿ ತಪ್ಪಿದರೆ ಸ್ಪ್ರಿಂಗ್ ಗಟ್ಟಿ ಮಾಡಬೇಕು ಅನ್ನಿಸುತ್ತೆ, ಅಲ್ವಾ? ಅದರಿಂದ ಗೇರಿನ ಹಲ್ಲಿಗೆ ಹೊರೆ ಜಾಸ್ತಿ, ಗುರಿಗೆ ಲಾಭವಿಲ್ಲ. ನೋಡಬೇಕಾದ್ದು ನಳಿಕೆ. ಅದು ಸಡಿಲವಿದ್ದರೆ ಗಾಳಿ ಗುಂಡಿನ ಪಕ್ಕದಿಂದ ಸೋರುತ್ತೆ, ಗುಂಡು ಅತ್ತಿತ್ತ ಬಡಿಯುತ್ತಾ ಹೊರಬರುತ್ತೆ. ಒಳಗೆ ಬಿಗಿ ಅಳತೆಯ ಹಿತ್ತಾಳೆ ನಳಿಕೆ ಕೂರಿಸಿದೆ. ಅದು ಅಲುಗಾಡದ ಹಾಗೆ ಮೂತಿಯ ಹತ್ತಿರ ಟೇಪ್ ಸುತ್ತಿದೆ. ಇನ್ನು ಗನ್ನನ್ನು ಮೇಲೆ ಕೆಳಗೆ ಮಾಡುವ ಗೇರು. ಮೂತಿಯನ್ನು ಬೆರಳಲ್ಲಿ ಎತ್ತಿದರೆ ಟಕ್ ಅಂತಿತ್ತು. ಒಂದು ಸಣ್ಣ ಸ್ಪ್ರಿಂಗ್ ಎಳೆದು ಕಟ್ಟಿದ ಮೇಲೆ ಆ ಅಲುಗಾಟ ನಿಂತಿತು.

ಅಸಲಿ ಟೈಗರ್‌ನದು 88 ಮಿ.ಮೀ. ಗನ್. 16ರಿಂದ ಭಾಗಿಸಿದರೆ ಐದೂವರೆ. ಅಂದರೆ ನಮ್ಮ ಗುಂಡೇ ತುಸು ದಪ್ಪ! 1942ರಲ್ಲಿ ಯುದ್ಧಕ್ಕಿಳಿದ ಆ ಟ್ಯಾಂಕಿನ ಗನ್‌ಗೆ ಗುರಿ ಸಿಕ್ಕಿತೆಂದರೆ ಎದುರಿನ ಟ್ಯಾಂಕಿನೊಳಗೆ ನಾಲ್ಕೈದು ಮಂದಿ ಇರುತ್ತಿದ್ದರು. ಗೇರಿಗೆ ಗ್ರೀಸ್ ಹಚ್ಚುವಾಗ ಅದು ನೆನಪಾಗಿ ಕೈ ಒಂದು ಕ್ಷಣ ನಿಂತಿತು. ನನಗೆ ಬೆಂಕಿಪೊಟ್ಟಣವೇ ಸಾಕು.

ಮುಂದಿನ ಕೆಲಸ ತುಸು ಭಾರದ ಗುಂಡು ಹಾಕಿ ನೋಡೋದು. ನೀವೂ ಮಾಡೋದಾದರೆ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ, ಮಕ್ಕಳಿಗೂ ಹಾಕಿಸಿ.