ಮೇಷ್ಟ್ರ ಜೇಬಿನ ಎರಡನೇ ಪೆನ್ನು

ನಮ್ಮ ಮೇಷ್ಟ್ರು ಹೋಗಿ ಇವತ್ತಿಗೆ ಒಂದು ವರ್ಷ. ಬೆಳಗ್ಗೆ ಯಾವುದೋ ಫಾರಂ ತುಂಬುತ್ತಾ ಕೂತಿದ್ದೆ, ಪೆನ್ನು ಕೈಕೊಟ್ಟಿತು, ಅವರೇ ನೆನಪಾದರು. ಅವರ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಒಂದು ತಮಗೆ, ಇನ್ನೊಂದು ಕೇಳಿದವರಿಗೆ. ಆ ಇನ್ನೊಂದು ವಾಪಸ್ ಬಂದಿದ್ದು ಕಡಿಮೆ ಬಿಡಿ.

ರಿಟೈರ್ ಆದಮೇಲೆ ಆರಾಮಾಗಿ ಇರುತ್ತಾರೆ ಅಂದುಕೊಂಡಿದ್ದೆವು. ಎಲ್ಲಿ! ಅರ್ಜಿ ಬರೆಸಿಕೊಳ್ಳುವವರು, ಲೆಕ್ಕ ಹೇಳಿಸಿಕೊಳ್ಳುವ ಮಕ್ಕಳು, ಡಾಕ್ಟರ್ ಚೀಟಿ ಓದಿಸೋಕೆ ಬರುವ ಅಜ್ಜಂದಿರು, ಯಾರೇ ಬಂದರೂ ಮೊದಲು ಕುರ್ಚಿ ಎಳೆದು ಕೂರಿಸಿ ಆಮೇಲೆ ಮಾತು. ಅರವತ್ತು ದಾಟಿದ ಒಬ್ಬ ಅಜ್ಜಿಗೆ ಸಹಿ ಹಾಕೋದು ಕಲಿಸಿದರು. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ದಿನಾ ಹೆಸರು ಬರೆಸುತ್ತಿದ್ದರು. ಹೆಬ್ಬೆಟ್ಟು ಒತ್ತದೆ ಮೊದಲ ಸಲ ಸಹಿ ಹಾಕಿ ಬಂದ ದಿನ ಅಜ್ಜಿ ಬೆರಳು ತೋರಿಸಿ, "ನೋಡಿ ಮೇಷ್ಟ್ರೇ, ಇಂಕೇ ಇಲ್ಲ" ಅಂದರು.

ಸಹಾಯ ಅಂದರೆ ದುಡ್ಡು ಅಂತಲೇ ಅಂದುಕೊಳ್ಳುತ್ತೇವೆ, ಅಲ್ವಾ? ಅವರು ಕೊಟ್ಟಿದ್ದು ಜಾಸ್ತಿ ಟೈಮೇ.

ಸುಮ್ನೆ ಹೊಗಳುತ್ತಿಲ್ಲ, ಸಿಟ್ಟೂ ಇತ್ತು. ಅಕ್ಷರ ಕೆಟ್ಟದಾಗಿದ್ದರೆ ಅರ್ಜಿ ಹರಿದುಹಾಕಿ ಮತ್ತೆ ಬರೆಸುತ್ತಿದ್ದರು, ನನ್ನದೊಂದಕ್ಕೆ ಮೂರು ಸಲ ಆ ಗತಿ ಬಂದಿತ್ತು. ಇವತ್ತಿನ ಫಾರಂ ಇಲ್ಲೇ ಪಕ್ಕದಲ್ಲಿದೆ. ನೋಡಿದ್ದರೆ ಇದನ್ನೂ ಹರಿಯುತ್ತಿದ್ದರು.