ಪಹಣಿಯಲ್ಲಿ ಹೆಸರಿಲ್ಲದವರ ಹೂವಿನ ತೋಟ

2020ರ ಯುಗಾದಿ ಮಾರ್ಚ್ 25ಕ್ಕೆ ಬಿತ್ತು. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಹೂ ಬೆಳೆಯುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಚಿಕ್ಕಬಳ್ಳಾಪುರದ ಕಡೆ ಯುಗಾದಿ, ರಾಮನವಮಿ, ಆಮೇಲೆ ಮದುವೆ, ಜಾತ್ರೆ ಅಂತ ಲೆಕ್ಕ ಹಾಕಿಯೇ ಗಿಡಕ್ಕೆ ಗೊಬ್ಬರ ಕೊಡುತ್ತೇವೆ. ಆ ವರ್ಷ ಹೂ ಚೆನ್ನಾಗಿಯೇ ಬಂದಿತ್ತು, ಕೊಳ್ಳುವವರೇ ಇರಲಿಲ್ಲ.

ಗುಲಾಬಿಯನ್ನು ಮಾರಾಟ ಇಲ್ಲವೆಂದು ಕೀಳದೆ ಬಿಡುವ ಹಾಗೂ ಇಲ್ಲ. ಅರಳಿದ್ದು ಗಿಡದಲ್ಲೇ ಒಣಗಿದರೆ ರೋಗ ಹಿಡಿಯುತ್ತದೆ, ಹೊಸ ಚಿಗುರು ತಡವಾಗುತ್ತದೆ. ಹಾಗಾಗಿ ಕೂಲಿ ಕೊಟ್ಟು ಕೀಳಿಸಿ ತಿಪ್ಪೆಗೆ ಸುರಿದೆವು. ಬೆಳಗ್ಗೆ ಸುರಿದ ರಾಶಿ ಮಧ್ಯಾಹ್ನಕ್ಕೆ ಒಳಗೊಳಗೇ ಬಿಸಿಯಾಗಿ, ಕೈ ಹಾಕಿದರೆ ಅಂಟುತ್ತಿತ್ತು.

ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಘೋಷಿಸಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹೆಚ್ಚೆಂದರೆ ಒಂದು ಹೆಕ್ಟೇರಿಗೆ. ಗುಂಟೆಗೆ ಸುಮಾರು 250 ರೂಪಾಯಿ ಬಿದ್ದ ಹಾಗಾಯಿತು. ಕಡಿಮೆಯಾಯಿತೆಂದು ನಾನು ದೂರುವುದಿಲ್ಲ. ಅಪ್ಪನ ಖಾತೆಗೆ ಬಂದ ದುಡ್ಡು ಗೊಬ್ಬರದಂಗಡಿಯ ಹಳೇ ಬಾಕಿಗಾಯಿತು, ಅಂಗಡಿಯವರು ಮತ್ತೆ ಸಾಲ ಕೊಟ್ಟರು. ಆ ಹೊತ್ತಿಗೆ ಅದೇ ದೊಡ್ಡದು.

ನನ್ನ ಸಂಕಟ ಪಕ್ಕದ ತೋಟದ ಅಕ್ಕನದು. ಒಂದು ಎಕರೆ ಗುತ್ತಿಗೆಗೆ ಹಾಕಿಕೊಂಡು ಸೇವಂತಿಗೆ ಬೆಳೆದಿದ್ದರು. ಜಮೀನಿನ ಯಜಮಾನರು ಇರುವುದು ಬೆಂಗಳೂರಿನಲ್ಲಿ. ಅರ್ಜಿಗೆ ಪಹಣಿ (ಜಮೀನು ಯಾರದ್ದು, ಏನು ಬೆಳೆ ಎಂದು ತೋರಿಸುವ ಸರ್ಕಾರಿ ದಾಖಲೆ), ಆಧಾರ್, ಪಾಸ್‌ಬುಕ್ ಕೇಳಿದರು. ಕೊನೆಯ ಎರಡು ಅಕ್ಕನ ಹತ್ತಿರ ಇದ್ದವು. ಪಹಣಿಯ 12ನೇ ಕಾಲಂ ಇರುವುದೇ ಸಾಗುವಳಿ ಮಾಡುವವರ ಹೆಸರಿಗೆ, ಬೆಳೆಗೆ. ಆದರೆ ಗುತ್ತಿಗೆದಾರರ ಹೆಸರನ್ನು ಅಲ್ಲಿ ಬರೆಸಲು ಯಾವ ಯಜಮಾನ ಒಪ್ಪುತ್ತಾನೆ? ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದಕ್ಕೆ, ಸೈನಿಕರಂಥ ಕೆಲವರನ್ನು ಬಿಟ್ಟು, ಅವಕಾಶವೇ ಇಲ್ಲ. ಉಳುವವನಿಗೆ ಭೂಮಿ ಕೊಡಿಸಿದ ಕಾಯ್ದೆ ಅದು. ನಮ್ಮ ತಾತನಿಗೂ ಅದರಿಂದಲೇ ಜಮೀನು ಬಂತು, ಅದರ ಮೇಲೆ ನನಗೆ ಗೌರವವಿದೆ. ಆದರೆ ಇವತ್ತು ಉಳುವವರ ವ್ಯವಹಾರವೆಲ್ಲ ಬಾಯಿಮಾತಿನಲ್ಲೇ ನಡೆಯುತ್ತಿದೆ, ಕಾಗದದಲ್ಲಿ ಅವರು ಎಲ್ಲೂ ಇಲ್ಲ.

ಹಾಗಾಗಿ ಆ ಒಂದು ಎಕರೆಯ ದುಡ್ಡು ಯಜಮಾನರ ಖಾತೆಗೆ ಹೋಯಿತು. ಅವರು ಒಳ್ಳೆಯವರು, ಆ ವರ್ಷದ ಗುತ್ತಿಗೆಯಲ್ಲಿ ಅಷ್ಟನ್ನು ಮುರಿದುಕೊಂಡರು. ಎಲ್ಲರಿಗೂ ಅಂಥ ಯಜಮಾನರು ಸಿಗುವುದಿಲ್ಲ. ತೀರಿಹೋದ ಗಂಡನ ಹೆಸರಿನಿಂದ ಜಮೀನನ್ನು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಳ್ಳದ ಹೆಂಗಸರ ಕಥೆಯೂ ಇದೇ.

2021ರ ಮೇನಲ್ಲಿ ಎರಡನೇ ಅಲೆಗೆ ಮತ್ತೆ ಪ್ಯಾಕೇಜ್ ಬಂತು, ಈ ಸಲ ಹೆಕ್ಟೇರಿಗೆ 10,000. ಅಕ್ಕ ಅರ್ಜಿ ಫಾರಂ ಕೂಡ ತರಲಿಲ್ಲ.

ಮೊದಲ ಪ್ಯಾಕೇಜಿನಲ್ಲೇ ಕ್ಷೌರಿಕರಿಗೆ, ಮಡಿವಾಳರಿಗೆ ತಲಾ 5,000 ಕೊಟ್ಟರಲ್ಲ, ಅಂಗಡಿ ಸ್ವಂತದ್ದೋ ಬಾಡಿಗೆಯದೋ ಎಂದು ನೋಡದೆ ಕಸುಬು ನೋಡಿ ಕೊಟ್ಟರು. ಹೂವಿಗೂ ಹಾಗೆ ಮಾಡಬಹುದಿತ್ತು. ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮಲೆಕ್ಕಿಗರು) ತೋಟಕ್ಕೆ ಬಂದು, ನಿಂತಿರುವ ಬೆಳೆ ಯಾರದ್ದೆಂದು ಅಕ್ಕಪಕ್ಕದವರನ್ನು ಕೇಳಿ ಸ್ಥಳ ಮಹಜರು ಬರೆದರೆ ಸಾಕು. ಮುಂದಿನ ಸಲ ಬರಗಾಲವೋ ಆಲಿಕಲ್ಲೋ ಏನೇ ಬರಲಿ, ಆ ಮಹಜರನ್ನು ಪಹಣಿಯ ಜಾಗದಲ್ಲಿ ಒಪ್ಪಿಕೊಳ್ಳಿ. ಸಾಕ್ಷಿ ಸಹಿ ಹಾಕಲು ನಾನಿದ್ದೇನೆ, ನಮ್ಮಪ್ಪನೂ ಬರುತ್ತಾರೆ.